ಯಾವ ಕಡೆಯೋರು?

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ರೈಲು ಕಡೂರು ದಾಟಿ ಬೀರೂರಿಗೆ ಬಂದಾಗ ಹಳಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರ, ಶಿವನಿ, ಹೊಸದುರ್ಗ ರೋಡ್, ಚಿಕ್ಕಜಾಜೂರು ಎಂದು ಬಯಲು ಹಿಡಿದು ಹೋಗುತ್ತದೆ. ಇನ್ನೊಂದು ತರೀಕೆರೆ, ಭದ್ರಾವತಿ, ಶಿವಮೊಗ್ಗ ಎಂದು ಅಡಿಕೆ ತೋಟಗಳತ್ತ ತಿರುಗುತ್ತದೆ. 2013ರಲ್ಲಿ ಕಡೂರಿನಿಂದಲೇ ಚಿಕ್ಕಮಗಳೂರಿಗೆ ಮೂರನೆಯ ದಾರಿಯೂ ಆಯಿತು. ಈ ರೈಲುಗಳಲ್ಲಿ ಎದುರು ಸೀಟಿನವರು ಮಾತಿಗೆ ಶುರುವಿಟ್ಟುಕೊಳ್ಳುವುದು ಒಂದೇ ಪ್ರಶ್ನೆಯಿಂದ: "ಯಾವ ಕಡೆಯೋರು?" ಶೃಂಗೇರಿಯವರಿಗೆ ಉತ್ತರ ಸಲೀಸು, ಚಳ್ಳಕೆರೆಯವರಿಗೂ ಸಲೀಸು. ಕಡೂರು, ತರೀಕೆರೆ, ಅಜ್ಜಂಪುರದವರು ಮಾತ್ರ ಊರಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. "ಅಂದ್ರೆ ಮಲ್ನಾಡೋ, ಬಯಲುಸೀಮೆಯೋ?" ಎಂಬ ಮರುಪ್ರಶ್ನೆಗೆ ಅವರ ಬಳಿ ಉತ್ತರ ಇಲ್ಲವೆಂದಲ್ಲ, ಎರಡಿವೆ. ಕೇಳಿದವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಹೊಸದುರ್ಗದವರ ಕಣ್ಣಿಗೆ ತರೀಕೆರೆ ಮಲೆನಾಡಿನ ಬಾಗಿಲು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ ಎಲ್ಲ ಅಲ್ಲಿಯವೇ ಅಲ್ಲವೇ? ಕೊಪ್ಪದವರಿಗೆ ಅದೇ ತರೀಕೆರೆ ಬಯಲುಸೀಮೆ ಶುರುವಾಗುವ ಜಾಗ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಕಡೂರಿಗೆ ಅದರ ಹತ್ತನೆಯ ಒಂದು ಪಾಲು ಸಿಕ್ಕರೆ ಒಳ್ಳೆಯ ವರ್ಷ. ಚಿಕ್ಕಮಗಳೂರು ಎಂಬ ಒಂದೇ ಜಿಲ್ಲೆಯೊಳಗೆ ಕಾಫಿಯೂ ಇದೆ, ಅಡಿಕೆಯೂ ಇದೆ, ರಾಗಿ, ತೆಂಗು, ಅಜ್ಜಂಪುರದ ಈರುಳ್ಳಿಯೂ ಇದೆ. 19ನೇ ಶತಮಾನದಲ್ಲಿ ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಇಡೀ ಸಂಸ್ಥಾನವನ್ನು ಮಲೆನಾಡು, ಮೈದಾನ ಎಂದು ಎರಡು ಭಾಗ ಮಾಡಿದರು. ಆಡಳಿತದ ಅನುಕೂಲಕ್ಕೆ ಅದು ಸರಿ. ಆದರೆ ಗೆರೆ ಎಳೆದ ಜಾಗದಲ್ಲೇ ಮನೆ ಕಟ್ಟಿಕೊಂಡವರ ಗತಿ? ಅವರಿಗಾಗಿ 'ಅರೆಮಲೆನಾಡು' ಎಂಬ ಮೂರನೆಯ ಮಾತು ಬಂತು. ಅದು ಕಚೇರಿಯ ಕಾಗದಕ್ಕೆ ಒಗ್ಗಿತು, ಬಾಯಿಗೆ ಹತ್ತಲಿಲ್ಲ. "ನಾವು ಅರೆಮಲೆನಾಡಿನೋರು" ಎಂದು ಎದೆ ಉಬ್ಬಿಸಿ ಹೇಳಿಕೊಳ್ಳುವವರು ಎಲ್ಲೂ ಸಿಗಲಾರರು. ಅರೆ ಎಂಬುದು ಯಾರಿಗೆ ತಾನೇ ಬೇಕು?

ಒಂದು ಪ್ರದೇಶದ ಹೆಸರು ಅಲ್ಲಿನ ಜನರ ಹೆಸರಾಗುವ ದಾರಿಯಲ್ಲಿ ನನಗೆ ಕಾಣುವ ವಿಚಿತ್ರ ಇದೇ. ಆ ಹೆಸರನ್ನು ಇಡುವವರು ಆ ಪ್ರದೇಶದವರಲ್ಲ, ಪಕ್ಕದವರು. ಮಲೆಯ ಮೇಲೆ ಕೂತವನಿಗೆ ಅದು 'ಮಲೆ' ಎಂದು ಹೇಳಿಕೊಳ್ಳುವ ಜರೂರಿಲ್ಲ, ಅವನಿಗೆ ಅದು ಊರು. ಕೆಳಗೆ ನಿಂತು ತಲೆ ಎತ್ತಿ ನೋಡಿದವನಿಗೆ ಅದು ಮಲೆ.

ಈ ಮಾತಿಗೆ ಹಳೆಯ ಸಾಕ್ಷಿ ಇದೇ ಜಿಲ್ಲೆಯಲ್ಲಿದೆ. ಹೊಯ್ಸಳರ ಮೂಲಸ್ಥಾನ ಸೊಸೆವೂರು ಎಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಪ್ಪಟ ಮಲೆ. ಅಲ್ಲಿಂದ ಬೇಲೂರಿಗೆ, ಹಳೇಬೀಡಿಗೆ ಇಳಿದ ಈ ಅರಸರು ಶಾಸನಗಳಲ್ಲಿ ಬಿಡದೆ ಕೆತ್ತಿಸಿಕೊಂಡ ಬಿರುದು 'ಮಲೆಪರೊಳ್ ಗಂಡ'. ಮಲೆಪರು ಎಂದರೆ ಮಲೆಯ ನಾಯಕರು, ಬೆಟ್ಟದ ಸೀಮೆಯ ಪಾಳೆಯಗಾರರಂಥವರು. ಹೊಯ್ಸಳರೂ ಅವರಲ್ಲೇ ಒಬ್ಬರಾಗಿದ್ದವರು. ಬಯಲಿಗೆ ಇಳಿದು ರಾಜ್ಯ ಕಟ್ಟಿದ ಮೇಲೆ ಉಳಿದವರೆಲ್ಲ 'ಮಲೆಪರು', ತಾವು ಅವರ ನಡುವಿನ ಗಂಡು. ಬೆಟ್ಟ ಬಿಟ್ಟು ಬಂದವರೇ ಬೆಟ್ಟದವರಿಗೆ ಹೆಸರಿಟ್ಟು ಕರೆದ ಈ ಉದಾಹರಣೆಗೆ ಒಂಬೈನೂರು ವರ್ಷ ಮೀರಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದ ದಂಡನಾಯಕನೂ ಇದೇ ಮನೆತನದ ಇಮ್ಮಡಿ ವೀರಬಲ್ಲಾಳನ ಅಧಿಕಾರಿ.

ಮಲೆಪ ಹೋಯಿತು, ಮಲೆನಾಡಿಗ ಬಂತು. ಗಾಣಿಗ, ಅಂಬಿಗ, ಲೆಕ್ಕಿಗ ಎಂದು ಕಸುಬಿಗೆ ಅಂಟುವ 'ಇಗ' ಪ್ರತ್ಯಯವೇ ಕನ್ನಡಿಗ, ಮಲೆನಾಡಿಗ, ಕರಾವಳಿಗ ಎಂದು ನೆಲಕ್ಕೂ ಅಂಟಿಕೊಂಡಿತು. ಇಲ್ಲೊಂದು ತಮಾಷೆ ನೋಡಿ: ಬಯಲುಸೀಮೆಯವರಿಗೆ ಇಂಥ ಒಂಟಿ ಪದವೇ ಇಲ್ಲ. 'ಬಯಲುಸೀಮಿಗ' ಎಂದು ಯಾರಾದರೂ ಅಂದರೆ ನಗು ಬರುತ್ತದೆ. 'ಬಯಲುಸೀಮೆಯವರು' ಎಂದೇ ಉದ್ದಕ್ಕೆ ಹೇಳಬೇಕು. ಇದಕ್ಕೆ ವ್ಯಾಕರಣದ ಕಾರಣ ಏನಾದರೂ ಇರಲಿ, ನನ್ನ ಊಹೆ ಬೇರೆ. ರಾಜಧಾನಿಗಳು, ಸಂತೆಗಳು, ಕಚೇರಿಗಳು, ಪತ್ರಿಕೆಗಳು ಎಲ್ಲ ಇದ್ದದ್ದು ಬಯಲಿನಲ್ಲಿ. ಹೆಸರಿಡುವವರು ಅವರೇ ಆಗಿದ್ದರಿಂದ ತಮಗೆ ತಾವು ಹೆಸರಿಟ್ಟುಕೊಳ್ಳುವ ಪ್ರಸಂಗ ಒದಗಲಿಲ್ಲ. ಅವರು ಬರೀ 'ಜನ'.

'ಸೀಮೆ' ಎಂಬ ಮಾತಿಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಸಂಸ್ಕೃತದಲ್ಲಿ ಸೀಮಾ ಎಂದರೆ ಎಲ್ಲೆ, ಗಡಿ. ಕನ್ನಡಕ್ಕೆ ಬಂದ ಮೇಲೆ ಗಡಿಯೊಳಗಿನ ನೆಲವೂ ಸೀಮೆಯಾಯಿತು. ಆಮೇಲೆ ಗಡಿಯಾಚೆಯದೂ ಸೀಮೆಯಾಯಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಹಡಗಿನಲ್ಲಿ ಬಂದದ್ದೆಲ್ಲ ಸೀಮೆಯದು. 'ಅವನೇನು ಸೀಮೆಗಿಲ್ಲದವನಾ?' ಎಂದು ಗದರುವಾಗ ಅದೇ ಮಾತು ಊರು, ಲೋಕ ಎಂಬಷ್ಟು ಅಗಲವಾಗುತ್ತದೆ. ಗಡಿಯ ಹೆಸರು ನಾಡಿನ ಹೆಸರಾಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಸ್ಪೇನಿನ ನೈರುತ್ಯಕ್ಕೆ, ಪೋರ್ಚುಗಲ್ಲಿನ ಮಗ್ಗುಲಲ್ಲಿ ಎಕ್ಸ್ತ್ರೆಮಾದೂರ ಎಂಬ ಪ್ರಾಂತ್ಯವಿದೆ. ಅಲ್ಲಿಯವರನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಎಕ್ಸ್ತ್ರೆಮೇನ್ಯೊ ಎನ್ನುತ್ತಾರೆ. ಮೆಕ್ಸಿಕೋ ಗೆದ್ದ ಕೊರ್ತೆಸ್, ಪೆರು ಗೆದ್ದ ಪಿಜಾರೊ ಇಬ್ಬರೂ ಎಕ್ಸ್ತ್ರೆಮೇನ್ಯೊಗಳೇ. ಈ ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ಮೂರು ಕಥೆಗಳಿವೆ. ದುಎರೊ ನದಿಯ ಆಚೆ ತುದಿ ಎಂಬುದು ಜನಪ್ರಿಯವಾದದ್ದು. ಕೇಳಲು ಚೆನ್ನಾಗಿದೆ, ಪಂಡಿತರು ಒಪ್ಪುವುದು ಕಡಿಮೆ. ಕ್ರೈಸ್ತ ಅರಸರ ರಾಜ್ಯ ಮುಗಿದು ಮುಸ್ಲಿಂ ಅರಸರ ರಾಜ್ಯ ಶುರುವಾಗುವ ಕೊನೆಯಂಚು, ಅಂದರೆ ಗಡಿಸೀಮೆ, ಎಂಬುದು ಎರಡನೆಯದು. ಗಡಿ ದಕ್ಷಿಣಕ್ಕೆ ಸರಿದಂತೆ ಹೆಸರೂ ದಕ್ಷಿಣಕ್ಕೆ ಸರಿಯಿತು, ಕೊನೆಗೆ ಗಡಿಯೇ ಇಲ್ಲದಾದಾಗ ಹೆಸರು ಇದ್ದಲ್ಲೇ ಕೂತಿತು.

ಮೂರನೆಯ ಕಥೆ ಅಜ್ಜಂಪುರದವರಿಗೆ ಬೇಗ ಅರ್ಥವಾಗುವಂಥದು. ಉತ್ತರದ ಬೆಟ್ಟಗಳ ಕುರಿಮಂದೆಗಳು ಚಳಿಗಾಲದಲ್ಲಿ ದಕ್ಷಿಣದ ಬಯಲಿಗೆ ಇಳಿದು ಬರುತ್ತಿದ್ದವು. ಆ ಚಳಿಗಾಲದ ಹುಲ್ಲುಗಾವಲಿಗೆ 'ಎಕ್ಸ್ತ್ರೆಮೊ' ಎಂದೇ ಹೆಸರು. ಮಂದೆ ಮೇಯುವ ನೆಲ ಎಂಬುದೇ ನಾಡಿನ ಹೆಸರಾಯಿತು ಎನ್ನುತ್ತದೆ ಈ ವಾದ. ಕುರಿ ಸಾಕುವವರ ಸಂಘವಾದ ಮೆಸ್ತಾಕ್ಕೆ 1273ರಲ್ಲಿ ದೊರೆ ಹತ್ತನೆಯ ಅಲ್ಫೊನ್ಸೊನಿಂದ ಸನ್ನದು ಸಿಕ್ಕಿತು. 1836ರವರೆಗೂ ಅದು ಬದುಕಿತ್ತು. ಮಂದೆ ಹೋಗುವ ದಾರಿಗೆ ಯಾರೂ ಬೇಲಿ ಹಾಕುವಂತಿರಲಿಲ್ಲ.

ನಮ್ಮ ಕಾವಲುಗಳ, ಅಂದರೆ ಮೀಸಲು ಹುಲ್ಲುಗಾವಲುಗಳ, ವ್ಯವಸ್ಥೆಯೂ ಇದರ ಜಾತಿಯದೇ. ಚಿಕ್ಕದೇವರಾಜ ಒಡೆಯರ ಕಾಲದ ದನಗಳ ಇಲಾಖೆ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆಂದು ಮೈಸೂರು ಸಂಸ್ಥಾನದುದ್ದಕ್ಕೂ ಕಾವಲುಗಳನ್ನು ಬಿಟ್ಟಿದ್ದರು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಹುಲ್ಲು ನೀರು ನೋಡಿಕೊಂಡು ದನ ಅಲ್ಲಿಂದಿಲ್ಲಿಗೆ ಹೊರಡುತ್ತಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಇಂಥ ಕಾವಲುಗಳು ಹಲವು. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಶುರುವಾದದ್ದು 1929ರಲ್ಲಿ, ಇಂದಿಗೂ ಇದೆ. ಬೆಟ್ಟದ ಕಡೆಗೆ ಒಂದಿಷ್ಟು ದೂರ ಹೋದರೆ ದನದ ತಳಿಯೇ ಬೇರೆ: ಮಲೆನಾಡು ಗಿಡ್ಡ. ಜಡಿಮಳೆಯಲ್ಲಿ ಇಳಿಜಾರು ಹತ್ತಿ ಕಾಡಿನ ಸೊಪ್ಪು ಮೇಯುವ ಕುಳ್ಳ ದನ. ಅಮೃತಮಹಲ್ ಉದ್ದ ಕೊಂಬಿನ, ಫಿರಂಗಿ ಎಳೆದ, ಹಗಲಿಡೀ ಬಯಲಿನಲ್ಲಿ ನಡೆಯಬಲ್ಲ ದನ. ಮನುಷ್ಯರ ವಿಷಯದಲ್ಲಿ ತಡಬಡಾಯಿಸುವ ಗೆರೆಯನ್ನು ದನಗಳು ಕೊಂಬಿನಲ್ಲೇ ತೋರಿಸಿಬಿಡುತ್ತವೆ.

ಸ್ಪೇನಿನ ಮಾತು ಬಂದದ್ದಕ್ಕೆ ಇನ್ನೊಂದನ್ನು ಹೇಳಿ ಬಿಡುತ್ತೇನೆ. ಅದರ ಉತ್ತರ ತೀರದ ಕಾಂತಾಬ್ರಿಯ ಪ್ರಾಂತ್ಯದವರಿಗೆ 'ಮೊಂತಾನ್ಯೆಸ್' ಎಂಬ ಹೆಸರಿದೆ. ಬೆಟ್ಟದವರು ಎಂದರ್ಥ, ನಮ್ಮ ಮಲೆನಾಡಿಗರೇ ಸರಿ. ಸಮುದ್ರದ ದಂಡೆಯಲ್ಲಿ ಮೀನು ಹಿಡಿದು ಬದುಕುವ ಲಾರೆದೊ ಊರಿನವರೂ ಮೊಂತಾನ್ಯೆಸ್‌ಗಳೇ! ಒಳನಾಡಿನ ಬಯಲಿನವರಿಗೆ ಆ ಕಡೆ ಇರುವುದೆಲ್ಲ ಬೆಟ್ಟ. ಅದೇ ಲಾರೆದೊದ ಕಾಚೊಪಿನ್ ಎಂಬ ಮನೆತನ ವಂಶದ ಹೆಮ್ಮೆ ಕೊಚ್ಚಿಕೊಳ್ಳುವುದಕ್ಕೆ ಹೆಸರಾಗಿ, 1605ರ 'ಡಾನ್ ಕಿಹೋಟೆ'ಯಲ್ಲೂ ಅದರ ಪ್ರಸ್ತಾಪ ಬರುತ್ತದೆ. ಆ ಕುಲನಾಮವೇ ಅಟ್ಲಾಂಟಿಕ್ ದಾಟಿ ಮೆಕ್ಸಿಕೋದಲ್ಲಿ 'ಗಚುಪಿನ್' ಆಗಿ, ಸ್ಪೇನಿನಲ್ಲಿ ಹುಟ್ಟಿ ಬಂದು ಆಳುವವರನ್ನು ಮೂದಲಿಸುವ ಪದವಾಯಿತು ಎಂದು ಹೆಚ್ಚಿನವರು ಒಪ್ಪುತ್ತಾರೆ. ಬೂಟಿನ ಮುಳ್ಳು ಚುಚ್ಚುವವರು ಎಂದು ಅಲ್ಲಿನ ನಹುಆತ್ಲ್ ಭಾಷೆಯಿಂದ ಅರ್ಥ ಹೊರಡಿಸುವವರೂ ಇದ್ದಾರೆ. ಮೂದಲಿಕೆಗೆ ಸ್ಥಳೀಯ ವ್ಯುತ್ಪತ್ತಿ ಕಟ್ಟುವ ಆಸೆ ಎಲ್ಲ ಕಡೆಯೂ ಇರುತ್ತದೆ.

ಇತ್ತ ನಮ್ಮ ಘಟ್ಟಕ್ಕೆ ಬರೋಣ. ಕರಾವಳಿಯವರಿಗೆ ಮಲೆನಾಡು, ಬಯಲುಸೀಮೆ ಎಂಬ ಭೇದವೇ ಇಲ್ಲ; ಕೊಪ್ಪದವರೂ ಕಡೂರಿನವರೂ ಅವರ ಪಾಲಿಗೆ 'ಘಟ್ಟದ ಮೇಲಿನವರು'. ಮಲೆನಾಡಿನವರು ಅದೇ ನಾಣ್ಯವನ್ನು ಹಿಂದಿರುಗಿಸಿ 'ಘಟ್ಟದ ಕೆಳಗಿನವರು' ಎಂದರು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಓದಿದವರಿಗೆ ಸೇರೆಗಾರ ರಂಗಪ್ಪಸೆಟ್ಟರೂ ಅವರ ಹಿಂದೆ ಬರುವ ಘಟ್ಟದಾಳುಗಳೂ ನೆನಪಿರುತ್ತಾರೆ. ಆ ಆಳುಗಳು ಬಂದ ಸೀಮೆಗೆ ಮಲೆನಾಡಿನಲ್ಲಿ 'ಕನ್ನಡ ಜಿಲ್ಲೆ' ಎಂದು ಹೆಸರು. ಮೈಸೂರು ಸಂಸ್ಥಾನದ ಅಚ್ಚಗನ್ನಡದ ಮನೆಗಳಲ್ಲಿ 'ಕನ್ನಡ ಜಿಲ್ಲೆಯವರು' ಎಂದರೆ ಬಹುಮಟ್ಟಿಗೆ ತುಳು ಮಾತನಾಡುವವರು! ಇದು ಬ್ರಿಟಿಷರ ಕೆನರಾ ಜಿಲ್ಲೆಯ ಕೊಡುಗೆ. ಆ ಕೆನರಾ ಎಂಬುದೂ ಅದಕ್ಕೆ ಮೊದಲಿನ ಪೋರ್ಚುಗೀಸರ ಬಾಯಲ್ಲಿ ಕನ್ನಡ ಎಂಬ ಹೆಸರು ಪಡೆದ ರೂಪ. ಅವರ ಗಡಿಬಿಡಿ ಇನ್ನೂ ದೊಡ್ಡದು. ಗೋವೆಯ ಕೊಂಕಣಿ ಜನರನ್ನೂ ಅವರು 'ಕನಾರಿಂ' ಎಂದೇ ಕರೆದರು. ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ರಾಚೋಲ್‌ನಲ್ಲಿ ಅಚ್ಚಾದಾಗ ಅದರ ಹೆಸರಿನಲ್ಲಿ ಇದ್ದದ್ದು 'ಕನಾರಿಂ ಭಾಷೆ'. ಕೊಂಕಣಿಯ ಮೊದಲ ಅಚ್ಚಿನ ವ್ಯಾಕರಣದ ಮುಖಪುಟದಲ್ಲಿ ಕೊಂಕಣಿ ಎಂಬ ಮಾತಿಲ್ಲ, ನಮ್ಮ ಹೆಸರಿದೆ.

ಇಲ್ಲೇ ಕಡೂರಿನವರು ಹೆಮ್ಮೆಪಡಬಹುದಾದ ಒಂದು ಸಂಗತಿಯನ್ನು ಸೇರಿಸಬೇಕು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರು ಕಡೂರು ಜಿಲ್ಲೆ. ಕಚೇರಿ 1865ರಲ್ಲೇ ಚಿಕ್ಕಮಗಳೂರಿಗೆ ಎದ್ದುಹೋಗಿತ್ತು, ಹೆಸರು ಮಾತ್ರ ಇನ್ನೂ ಎಂಬತ್ತು ವರ್ಷ ಕಡೂರಿನದೇ ಉಳಿಯಿತು. ಹೀಗಾಗಿ 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ದಾಖಲೆಯ ಪ್ರಕಾರ ಕಡೂರು ಜಿಲ್ಲೆಯವರು. ಮಲೆನಾಡಿನ ಮಹಾಕವಿ ಹುಟ್ಟಿದ ಜಿಲ್ಲೆಗೆ ಬಯಲಿನ ಊರಿನ ಹೆಸರು. ಆ ಕಾಲದ ಸರ್ಕಾರಿ ವರದಿಗಳಲ್ಲಿ ಮಲೆನಾಡಿನ ಕಾಫಿ, ಏಲಕ್ಕಿ ಎಲ್ಲವೂ 'ಕಡೂರು' ಎಂಬ ತಲೆಬರಹದ ಕೆಳಗೇ ಸಿಗುತ್ತವೆ. ಹುಡುಕುವ ವಿದ್ಯಾರ್ಥಿಗಳು ಇದನ್ನು ಮರೆತರೆ ಅರ್ಧ ಚರಿತ್ರೆ ಕೈತಪ್ಪುತ್ತದೆ.

ನಕ್ಷೆಯಿಂದ ನಾಡೇ ಅಳಿಸಿಹೋದ ಮೇಲೂ ಜನರ ಮೈಮೇಲೆ ಅದರ ಹೆಸರು ಉಳಿಯುವುದುಂಟು. ಈ ಭಾಗದ ನೊಣಬ ಲಿಂಗಾಯತರನ್ನೇ ನೋಡಿ. ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ನಾಡು ಇತ್ತು. ಅದರ ರಾಜಧಾನಿ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಈಗ ಆಂಧ್ರದ ಗಡಿಯೊಳಗಿದೆ. ನೊಳಂಬರ ಆಳ್ವಿಕೆ ಮುಗಿದು ಸಾವಿರ ವರ್ಷ ಸಮೀಪಿಸಿತು. ಹೊಯ್ಸಳ ವಿಷ್ಣುವರ್ಧನ ಆ ನಾಡನ್ನು ಗೆದ್ದು 'ನೊಣಂಬವಾಡಿಗೊಂಡ' ಎಂದು ನಾಣ್ಯದ ಮೇಲೆ ಹಾಕಿಸಿಕೊಂಡ. ಗೆದ್ದವನೂ ಹೋದ, ಸೋತ ನಾಡೂ ಹೋಯಿತು. ನೊಳಂಬ, ನೊಣಂಬ, ನೊಣಬ ಎಂದು ಸವೆಯುತ್ತಾ ಬಂದ ಹೆಸರು ಮಾತ್ರ ಇಂದಿಗೂ ಮದುವೆ ಮಾತುಕತೆಯಲ್ಲಿ ಬರುತ್ತದೆ. ಗಂಗಡಿಕಾರ ಒಕ್ಕಲಿಗರದೂ ಇದೇ ಕಥೆ. ಗಂಗವಾಡಿಕಾರ ಎಂಬುದು ನಾಲಗೆಗೆ ಸುಲಭವಾಗಿ ಗಂಗಡಿಕಾರ ಆಯಿತು. ತಲಕಾಡಿನ ಗಂಗರು ಚೋಳರ ಕೈಗೆ ರಾಜ್ಯ ಕಳೆದುಕೊಂಡದ್ದು 11ನೇ ಶತಮಾನದ ಶುರುವಿನಲ್ಲಿ. ಹೈವೆ ನಾಡಿನಿಂದ ಹವ್ಯಕ, ಮೊರಸುನಾಡಿನಿಂದ ಮೊರಸು ಒಕ್ಕಲಿಗ. ಇವೆಲ್ಲ ಒಂದು ಕಾಲಕ್ಕೆ 'ಯಾವ ಕಡೆಯೋರು?' ಎಂಬ ಪ್ರಶ್ನೆಯ ಉತ್ತರಗಳಾಗಿದ್ದವು. ಪ್ರಶ್ನೆ ಮರೆತುಹೋಯಿತು, ಉತ್ತರ ಜಾತಿಯ ಕಾಲಂನಲ್ಲಿ ಕೂತಿತು.

ಹೀಗೆ ಉಳಿಯುವ ಅದೃಷ್ಟ ಎಲ್ಲ ನಾಡುಗಳಿಗೂ ಇರಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಆಸಂದಿಯ ಹೆಸರಿನಲ್ಲಿ ಆಸಂದಿನಾಡು ಎಂಬ ಘಟಕವೇ ಇತ್ತು, ಶಾಸನಗಳಲ್ಲಿ ಅದರ ಪ್ರಸ್ತಾಪವಿದೆ. ಇವತ್ತು ಅದು ಒಂದು ಹಳ್ಳಿ. ಆಸಂದಿನಾಡಿನವರು ಎಂಬ ಗುರುತಿನ ಸುಳಿವು ಜನರ ಬಾಯಲ್ಲಿ ಇಲ್ಲ.

ಇನ್ನು ಕೆಲವು ಹೆಸರುಗಳು ಉಳಿದರೂ ಕೆಟ್ಟುಹೋಗಿ ಉಳಿದವು. ಕೊಯಮತ್ತೂರು, ಈರೋಡಿನ ಕಡೆಯ ಕೊಂಗುನಾಡು ಹಳೆಯ, ಗೌರವದ ಹೆಸರು. ಅಲ್ಲಿಯವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅದೇ ಮಾತು ನಮ್ಮ ಬೀದಿಗಳಲ್ಲಿ ತಮಿಳರೆಲ್ಲರಿಗೂ ಎಸೆಯುವ ಬೈಗುಳವಾಯಿತು. ಮುಂಬಯಿಯಲ್ಲಿ ಸಹ್ಯಾದ್ರಿಯ ಮೇಲಿನಿಂದ ದುಡಿಯಲು ಬಂದವರಿಗೆ 'ಘಾಟಿ' ಎಂದು ಹೆಸರಿಟ್ಟರು, ಅದೂ ಹೀಗಳಿಕೆಯೇ ಆಯಿತು. ಊರಿನ ಹೆಸರು ಬೈಗುಳವಾಗುವುದು ಆ ಊರಿನವರು ಕೂಲಿಗೆ ಬಂದಾಗ, ಇಲ್ಲವೇ ಗಚುಪಿನ್‌ಗಳ ಹಾಗೆ ಅಧಿಕಾರ ಮಾಡಲು ಬಂದಾಗ. ಸುಮ್ಮನೆ ನೆಂಟಸ್ತಿಕೆಗೆ ಬಂದವರ ಊರನ್ನು ಯಾರೂ ಬೈಗುಳ ಮಾಡಿಲ್ಲ. ಕಾಫಿ ಕುಯ್ಲಿಗೆ ಬಯಲಿನಿಂದ ಹತ್ತುವವರನ್ನು ಎಸ್ಟೇಟಿನಲ್ಲಿ ಯಾವ ದನಿಯಲ್ಲಿ 'ಬಯಲುಸೀಮೆಯೋರು' ಎನ್ನುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಿದರೆ ಈ ಮಾತು ತಿಳಿಯುತ್ತದೆ. ಪದ ಶುದ್ಧವಾಗಿಯೇ ಇದೆ, ದನಿ ಹಾಗಿಲ್ಲ.

ನಮ್ಮ ಕಾಲಕ್ಕೆ ಈ ಹೆಸರುಗಳಿಗೆ ಹಣದ ಬೆಲೆಯೂ ಬಂದಿದೆ. 1991ರ ಕಾಯ್ದೆಯಿಂದ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿತು, ಅದರ ಕಚೇರಿ ಶಿವಮೊಗ್ಗದಲ್ಲಿ. 1994ರ ಕಾಯ್ದೆಯಿಂದ ಬಯಲುಸೀಮೆ ಪ್ರದೇಶಾಭಿವೃದ್ಧಿ ಮಂಡಳಿ ಬಂತು, ಕಚೇರಿ ಚಿತ್ರದುರ್ಗದಲ್ಲಿ. ಕಾಲುಸಂಕ, ರಸ್ತೆ, ಚೆಕ್‌ಡ್ಯಾಂಗೆ ದುಡ್ಡು ಯಾವ ಮಂಡಳಿಯಿಂದ ಎಂಬುದೀಗ 'ಯಾವ ಕಡೆಯೋರು' ಎಂಬ ಪ್ರಶ್ನೆಯ ಸರ್ಕಾರಿ ರೂಪ. ರೈಸ್ ಎಳೆದ ಗೆರೆಗೆ ಬಜೆಟ್ಟಿನ ಶೀರ್ಷಿಕೆ ಸಿಕ್ಕಿದೆ.

ನೀರಿನ ಲೆಕ್ಕ ಮಾತ್ರ ಈ ಗೆರೆಯನ್ನು ಯಾವತ್ತೂ ಮಾನ್ಯ ಮಾಡಲಿಲ್ಲ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಅಯ್ಯನಕೆರೆಯನ್ನು ತುಂಬಿಸುತ್ತದೆ, ಆವತಿ ಮದಗದ ಕೆರೆಯನ್ನು. ಕೆಂಚಮ್ಮನ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಾದ ಮದಗದ ಕೆರೆಯೇ ಅದು. ಎರಡೂ ಹಳ್ಳ ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಬೆಟ್ಟದ ಮಳೆಯನ್ನು ಬಯಲು ಮೊದಲಿನಿಂದಲೂ ಕುಡಿಯುತ್ತಲೇ ಬಂದಿದೆ. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಮೇಲೆತ್ತಿ ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗದ ಮೂಲಕ ಚಿತ್ರದುರ್ಗ, ತುಮಕೂರಿನ ಕಡೆಗೆ ನೀರು ಹರಿಸುವ ಕೆಲಸ ನಡೆದಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5300 ಕೋಟಿ ರೂಪಾಯಿ ಕೊಡುವ ಘೋಷಣೆಯಾಗಿತ್ತು. ಮಲೆನಾಡು ಮುಗಿಯುವುದೂ ಬಯಲುಸೀಮೆ ಶುರುವಾಗುವುದೂ ಎಲ್ಲಿ ಎಂದು ಕೇಳುವವರಿಗೆ ಆ ಸುರಂಗದ ಎರಡು ಬಾಯಿಗಳನ್ನು ತೋರಿಸಬಹುದು. ಆದರೆ ಎರಡು ಬಾಯಿಯೂ ಒಂದೇ ಕಡೆಯವರ ಹೊಲಗಳ ನಡುವೆ ಇವೆ.

ಹಾಗಾಗಿ ಕಡೂರು, ತರೀಕೆರೆ, ಅಜ್ಜಂಪುರದವರನ್ನು ಮಲೆನಾಡಿನವರೆನ್ನಬೇಕೋ ಬಯಲುಸೀಮೆಯವರೆನ್ನಬೇಕೋ ಎಂಬ ವಾದದಲ್ಲಿ ಹುರುಳಿಲ್ಲ ಎಂಬುದು ನನ್ನ ತೀರ್ಮಾನ. ಅವರು ಹೇಳುವ ಹಾಗೆ ಊರಿನ ಹೆಸರು ಹಿಡಿದು 'ಕಡೂರಿನೋರು', 'ಅಜ್ಜಂಪುರದೋರು' ಎನ್ನುವುದೇ ಸರಿ. ಆದರೆ ಪಕ್ಕದವರು ಅವರನ್ನು, ಅವರು ಪಕ್ಕದವರನ್ನು ಕರೆದ ಮಾತುಗಳನ್ನು ಬಿಟ್ಟುಬಿಡಬಾರದು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ದೊಡ್ಡ ನಿಘಂಟು ಮುಖ್ಯವಾಗಿ ಶಾಸನ ಮತ್ತು ಸಾಹಿತ್ಯ ಕೃತಿಗಳನ್ನು ನೆಚ್ಚಿಕೊಂಡು ಆದದ್ದು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹೆಣ್ಣು ನೋಡುವ ಮಾತುಕತೆಯಲ್ಲಿ ಆಚೆ ಕಡೆಯವರಿಗೆ ಬಳಸುವ ಹೆಸರುಗಳಲ್ಲಿ ಎಷ್ಟೋ ಅಲ್ಲಿಗೆ ಮುಟ್ಟಿಲ್ಲ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೋ ದೊಡ್ಡಪ್ಪನೋ ಇದ್ದರೆ, ಬೆಟ್ಟದ ಕಡೆಯವರನ್ನೂ ದುರ್ಗದ ಕಡೆಯವರನ್ನೂ ಅವರ ಕಾಲದಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಒಮ್ಮೆ ಕೇಳಿ. ಕೇಳಿದ್ದನ್ನು ಊರಿನ ಹೆಸರು, ಹೇಳಿದವರ ವಯಸ್ಸಿನ ಸಮೇತ ಬರೆದಿಡಿ. ಬೈಗುಳವಾದರೂ ಬಿಡಬೇಡಿ.